ಪಾತ್ರೆಗಳ ನಡುವೆ ಪ್ರಭುವಿನ ಸನ್ನಿಧಿ

ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಮರಳಿದ ತಾಯಿಯೊಬ್ಬಳನ್ನು ನೆನೆದುಕೊಳ್ಳಿ. ದೇವಾಲಯದಲ್ಲಿ ಪರಮಪ್ರಸಾದವನ್ನು ಸ್ವೀಕರಿಸಿ ಕಣ್ಮುಚ್ಚಿ ಕುಳಿತಾಗ ಪ್ರಭು ತನ್ನ ಪಕ್ಕದಲ್ಲೇ ಇದ್ದಾನೆ ಎಂಬ ನೆಮ್ಮದಿ ಆಕೆಗಿತ್ತು. ಮನೆಗೆ ಬಂದು ಒಲೆ ಹೊತ್ತಿಸಿದ್ದೇ ತಡ, ಒಂದೆಡೆ ಕುಕ್ಕರಿನ ಕೂಗು, ಇನ್ನೊಂದೆಡೆ ಮಕ್ಕಳ ಜಗಳ, ಬಾಗಿಲಲ್ಲಿ ನೆಂಟರು. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಬೆಳಗಿನ ನೆಮ್ಮದಿ ಎಲ್ಲಿ ಕರಗಿಹೋಯಿತೋ ತಿಳಿಯದು. ಆಗ ಆಕೆ ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಾಳೆ: ‘ಧ್ಯಾನ, ಮೌನ, ದೇವರೊಡನೆ ಒಡನಾಟ ಇವೆಲ್ಲ ಮಠದಲ್ಲಿರುವವರಿಗೆ. ಸಂಸಾರಸ್ಥರಾದ ನಮಗೆ ವಾರಕ್ಕೊಂದು ಗಂಟೆ ಸಿಕ್ಕರೆ ಅದೇ ದೊಡ್ಡದು.’

ಈ ಮಾತು ನಮ್ಮಲ್ಲಿ ಎಷ್ಟೋ ಮಂದಿಯ ಮಾತು. ಆದರೆ ಕಡೆಯ ಭೋಜನದ ರಾತ್ರಿ ಪ್ರಭು ತಮ್ಮ ಶಿಷ್ಯರಿಗೆ ಕೊಟ್ಟ ದ್ರಾಕ್ಷಾಬಳ್ಳಿಯ ಉಪಮಾನವನ್ನು ಸಂತ ಯೊವಾನ್ನರ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಓದಿದಾಗ ಮನಸ್ಸು ಅಳುಕುತ್ತದೆ. ಬಳ್ಳಿಯು ತನ್ನ ಕವಲಿಗೆ ವಾರಕ್ಕೊಮ್ಮೆ ರಸ ಹರಿಸುವುದಿಲ್ಲ. ಕವಲು ಬಳ್ಳಿಯನ್ನು ಭೇಟಿ ಮಾಡಿ ಹೋಗುವುದೂ ಇಲ್ಲ. ಅದು ಅಲ್ಲೇ ನೆಲೆಸಿರುತ್ತದೆ. ಹಾಗಾದರೆ ಪ್ರಭು ಕೇಳಿದ್ದು ನಮ್ಮಂಥವರಿಂದ ಆಗದ ಕೆಲಸವನ್ನೇ? ಈ ಪ್ರಶ್ನೆಗೆ ಉತ್ತರವನ್ನು ಪಂಡಿತರ ಗ್ರಂಥಗಳಲ್ಲಿ ಹುಡುಕುವ ಬದಲು, ಹದಿನೇಳನೆಯ ಶತಮಾನದ ಪ್ಯಾರಿಸ್ ನಗರದ ಒಂದು ಅಡುಗೆಮನೆಯಲ್ಲಿ ಹುಡುಕೋಣ ಬನ್ನಿ.

ಇಂದಿನ ಫ್ರಾನ್ಸಿನ ಪೂರ್ವಭಾಗದಲ್ಲಿರುವ ಲೊರೇನ್ ಪ್ರಾಂತ್ಯದಲ್ಲಿ, ಲುನೆವಿಲ್ ಪಟ್ಟಣಕ್ಕೆ ಸಮೀಪದ ಎರಿಮೆನಿಲ್ ಎಂಬ ಹಳ್ಳಿಯಲ್ಲಿ, ಸುಮಾರು 1614ರಲ್ಲಿ ಒಬ್ಬ ಬಾಲಕ ಹುಟ್ಟಿದ. ಹೆಸರು ನಿಕೊಲಾ ಎರ್ಮಾನ್. ಬಡ ಕುಟುಂಬ, ಹೇಳಿಕೊಳ್ಳುವಂಥ ವಿದ್ಯಾಭ್ಯಾಸವಿಲ್ಲ. ಹದಿನೆಂಟರ ಹರೆಯದಲ್ಲಿ, ಒಂದು ಚಳಿಗಾಲದ ದಿನ, ಎಲೆಯುದುರಿ ಬೋಳಾಗಿ ನಿಂತ ಮರವೊಂದು ಅವನ ಕಣ್ಣಿಗೆ ಬಿತ್ತು. ಇನ್ನು ಕೆಲವೇ ದಿನಗಳಲ್ಲಿ ಈ ಮರ ಮತ್ತೆ ಚಿಗುರುವುದು, ಹೂವು ಬಿಡುವುದು, ಕಾಯಿ ಕಟ್ಟುವುದು ಎಂಬ ಯೋಚನೆ ಮೂಡಿತು. ಆ ಕ್ಷಣದಲ್ಲಿ ದೇವರ ಪರಿಪಾಲನೆಯೂ ಶಕ್ತಿಯೂ ಅವನ ಹೃದಯದಲ್ಲಿ ಎಷ್ಟು ಆಳವಾಗಿ ನಾಟಿದವೆಂದರೆ, ಮುಂದೆ ಐವತ್ತರ ಗಡಿ ದಾಟಿದ ಮೇಲೂ ಅವನು ಅದನ್ನು ಮರೆಯಲಿಲ್ಲ. ಅಲ್ಲಿ ದರ್ಶನವಾಗಲಿಲ್ಲ, ಅಶರೀರವಾಣಿ ಕೇಳಲಿಲ್ಲ. ನಾವು ನೀವು ದಿನಾಲೂ ನೋಡುವಂಥ ಒಂದು ಬೋಳುಮರ, ಅಷ್ಟೆ.

ಆದರೆ ಆ ಅನುಭವದಿಂದ ಜೀವನ ಒಮ್ಮೆಲೇ ನೇರವಾಗಲಿಲ್ಲ. ಅದು ಯುರೋಪನ್ನು ಸುಟ್ಟುಹಾಕಿದ ಮೂವತ್ತು ವರ್ಷಗಳ ಯುದ್ಧದ (1618–1648) ಕಾಲ. ನಿಕೊಲಾ ಸೈನಿಕನಾದ. ಒಮ್ಮೆ ಜರ್ಮನ್ ಪಡೆಗಳ ಕೈಗೆ ಸಿಕ್ಕಿಬಿದ್ದು, ಗೂಢಚಾರನೆಂಬ ಆರೋಪ ಹೊತ್ತು, ನೇಣಿನ ಬೆದರಿಕೆ ಎದುರಿಸಿ ಪಾರಾದ. 1635ರಲ್ಲಿ ರಾಂಬೆರ್ವಿಲೆ ಎಂಬಲ್ಲಿ ಸ್ವೀಡನ್ನಿನ ಸೈನಿಕರೊಡನೆ ನಡೆದ ಕಾಳಗದಲ್ಲಿ ಗಾಯಗೊಂಡ. ಕಾಲು ಜೀವಮಾನವಿಡೀ ಕುಂಟಾಯಿತು. ಸೈನ್ಯ ಬಿಟ್ಟ ಮೇಲೆ ಏಕಾಂತವಾಸಿಯಾಗಿ ಬದುಕಲು ಪ್ರಯತ್ನಿಸಿದ. ಅದು ಅವನಿಗೆ ಹಿಡಿಸಲಿಲ್ಲ. ಪ್ಯಾರಿಸಿನಲ್ಲಿ ಶ್ರೀಮಂತರೊಬ್ಬರ ಮನೆಯಲ್ಲಿ ಸೇವಕನಾದ. ಕೈಗೆ ಸಿಕ್ಕ ವಸ್ತುಗಳನ್ನೆಲ್ಲ ಒಡೆಯುವ ಮಂಕನಾಗಿದ್ದೆನೆಂದು ಆ ದಿನಗಳ ಬಗ್ಗೆ ಅವನೇ ಮುಂದೆ ನಗುತ್ತಾ ಹೇಳಿಕೊಂಡಿದ್ದಾನೆ.

1640ರಲ್ಲಿ ಪ್ಯಾರಿಸಿನ ವೋಜಿರಾರ್ ಬೀದಿಯಲ್ಲಿದ್ದ ಕಾರ್ಮೆಲ್ ಮಠದ ಬಾಗಿಲನ್ನು ಅವನು ತಟ್ಟಿದ. ಆವಿಲದ ಸಂತ ತೆರೇಸಾ (1515–1582) ಸ್ಪೇನ್ ದೇಶದಲ್ಲಿ 1562ರಲ್ಲಿ ಆರಂಭಿಸಿದ ಸುಧಾರಣೆಯಿಂದ ಬೆಳೆದುಬಂದ ಶಾಖೆಯದು. ದೇವರು ಅಡುಗೆಮನೆಯ ಮಡಕೆ ಕುಡಿಕೆಗಳ ನಡುವೆಯೂ ನಮ್ಮೊಡನೆ ನಡೆದಾಡುತ್ತಾನೆಂದು ತಮ್ಮ ಸಹೋದರಿಯರಿಗೆ ಬರೆದವರು ಈ ತೆರೇಸಾರೇ. ನಿಕೊಲಾ ಗುರುಪಟ್ಟವಿಲ್ಲದ ಸೇವಾ ಸಹೋದರನಾಗಿ ಸೇರಿ, ‘ಪುನರುತ್ಥಾನದ ಲಾರೆನ್ಸ್’ ಎಂಬ ಹೊಸ ಹೆಸರು ಪಡೆದು, 1642ರ ಆಗಸ್ಟ್ 14ರಂದು ವ್ರತವಚನ ಕೊಟ್ಟ. ಮಠದ ಅಡುಗೆಮನೆಯೇ ಅವನ ಪಾಲಿಗೆ ಬಂದ ಕೆಲಸ. ಸುಮಾರು ಹದಿನೈದು ವರ್ಷ ಅಲ್ಲಿ ದುಡಿದ. ಕಾಲಿನ ನೋವು ಹೆಚ್ಚಾದಾಗ ಕುಳಿತು ಮಾಡುವ ಕೆಲಸ ಕೊಟ್ಟರು: ಸಹೋದರರ ಪಾದರಕ್ಷೆಗಳನ್ನು ಹೊಲಿದು ಸರಿಪಡಿಸುವುದು.

ಓದುಗರೇ, ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಅಡುಗೆ ಎಂದರೆ ಸಹೋದರ ಲಾರೆನ್ಸರಿಗೆ ಇಷ್ಟವಿರಲಿಲ್ಲ. ಸ್ವಭಾವತಃ ಆ ಕೆಲಸದ ಬಗ್ಗೆ ತಮಗೆ ಬಹಳ ಜಿಗುಪ್ಸೆಯಿತ್ತೆಂದು ಅವರು ಮರೆಮಾಚದೆ ಹೇಳಿದ್ದಾರೆ. ಮಠಕ್ಕೆ ಬೇಕಾದ ದ್ರಾಕ್ಷಾರಸ ಕೊಳ್ಳಲು ಅವರನ್ನು ಬರ್ಗಂಡಿಗೆ ಕಳುಹಿಸಿದಾಗಲೂ ಅಷ್ಟೆ; ವ್ಯಾಪಾರದ ಚಾತುರ್ಯವಿಲ್ಲ, ಕುಂಟು ಕಾಲಿನ ಕಾರಣ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಬೇಕು. ‘ಸ್ವಾಮಿ, ಇದು ನಿಮ್ಮ ಕೆಲಸ’ ಎಂದು ದೇವರಿಗೆ ಒಪ್ಪಿಸಿ ಅವರು ಹೊರಟುಬಿಡುತ್ತಿದ್ದರು. ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತಂತೆ. ಇಷ್ಟವಾದ ಕೆಲಸದಲ್ಲಿ ಸಂತೋಷ ಕಾಣುವುದು ದೊಡ್ಡ ಮಾತಲ್ಲ. ಇಷ್ಟವಿಲ್ಲದ ಕೆಲಸದಲ್ಲಿ, ತಪ್ಪಿಸಿಕೊಳ್ಳಲಾಗದ ದಿನಚರಿಯಲ್ಲಿ, ಅವರು ಪ್ರಭುವಿನ ಜೊತೆ ಕಂಡುಕೊಂಡರು.

ಅದು ಸುಲಭವಾಗಿಯೂ ಆಗಲಿಲ್ಲ. ಮೊದಲ ಹತ್ತು ವರ್ಷ ತಾವು ಬಹಳವಾಗಿ ನರಳಿದ್ದಾಗಿ ಒಂದು ಪತ್ರದಲ್ಲಿ ಅವರು ಬರೆದಿದ್ದಾರೆ. ಅದರಲ್ಲೂ ನಾಲ್ಕು ವರ್ಷಗಳ ಕಾಲ ತಮಗೆ ರಕ್ಷಣೆಯೇ ಇಲ್ಲ, ತಾವು ನರಕಕ್ಕೇ ಹೋಗುವವರು ಎಂಬ ಭಯ ಅವರನ್ನು ಹಿಂಡಿತು. ಎಷ್ಟು ಮಂದಿ ಧೈರ್ಯ ಹೇಳಿದರೂ ಆ ಭಯ ಬಿಡಲಿಲ್ಲ. ಕೊನೆಗೆ ಅವರು ಒಂದು ನಿರ್ಧಾರಕ್ಕೆ ಬಂದರು: ನಾನು ಈ ಮಠಕ್ಕೆ ಬಂದದ್ದು ದೇವರ ಪ್ರೀತಿಗಾಗಿ, ನನಗೆ ಮುಂದೆ ಏನೇ ಆಗಲಿ, ಸಾಯುವವರೆಗೆ ನನ್ನ ಪ್ರತಿಯೊಂದು ಕೆಲಸವನ್ನೂ ಆತನ ಪ್ರೀತಿಗಾಗಿಯೇ ಮಾಡುತ್ತೇನೆ. ಕಷ್ಟ ಜೀವನದ ಕೊನೆಯವರೆಗೂ ಇರಲಿ ಎಂದು ಒಪ್ಪಿಕೊಂಡ ಆ ಗಳಿಗೆಯಲ್ಲೇ ಮನಸ್ಸು ಹಗುರವಾಗಿ, ಹಿಂದೆಂದೂ ಇಲ್ಲದ ಶಾಂತಿ ನೆಲೆಸಿತು.

ಪ್ರಾರ್ಥಿಸಿದರೂ ಮನಸ್ಸಿನಲ್ಲಿ ಏನೂ ಕದಲುವುದಿಲ್ಲ, ದೇವರು ನನ್ನನ್ನು ಕೈಬಿಟ್ಟಿದ್ದಾನೆ ಎಂದು ಕೊರಗುವವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರು ಈ ಹತ್ತು ವರ್ಷಗಳ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು. ಪ್ರಭುವಿನ ಸಾಮೀಪ್ಯ ಎಂಬುದು ಹಿತವಾದ ಭಾವನೆಯ ಹೆಸರಲ್ಲ. ಭಾವನೆ ಇಲ್ಲದಾಗಲೂ ಬಿಟ್ಟುಹೋಗದೆ ನಿಲ್ಲುವ ನಿಷ್ಠೆ ಅದು. ಕವಲು ಬಳ್ಳಿಯಲ್ಲಿ ನೆಲೆಸಿರುವುದು ಚಿಗುರಿನ ಕಾಲದಲ್ಲಿ ಮಾತ್ರವಲ್ಲ, ಎಲೆಯುದುರಿದ ಕಾಲದಲ್ಲೂ ಅದು ಅಲ್ಲಿಯೇ ಇರುತ್ತದೆ.

ಹಾಗಾದರೆ ಸಹೋದರ ಲಾರೆನ್ಸರು ಮಾಡುತ್ತಿದ್ದುದೇನು? ಅವರ ವಿಧಾನ ಮಗುವಿಗೂ ತಿಳಿಯುವಂಥದ್ದು. ಕೆಲಸ ಆರಂಭಿಸುವ ಮುನ್ನ ಪ್ರಭುವಿನ ಕೃಪೆ ಬೇಡುವುದು; ಕೆಲಸದ ನಡುನಡುವೆ ಒಂದೆರಡು ಮಾತು, ಕೆಲವೊಮ್ಮೆ ಮಾತಿಲ್ಲದ ಒಂದು ನೆನಪು; ಮುಗಿದ ಮೇಲೆ, ಚೆನ್ನಾಗಿದ್ದರೆ ವಂದನೆ, ತಪ್ಪಾಗಿದ್ದರೆ ಕ್ಷಮೆ. ಕ್ಷಮೆ ಕೇಳಿದ ಮೇಲೆ ಅದನ್ನೇ ಕೆದಕುತ್ತಾ ಕೂರದೆ ಮತ್ತೆ ಕೆಲಸಕ್ಕೆ. ಬಾಣಲೆಯಲ್ಲಿ ಮೊಟ್ಟೆಯ ಆಮ್ಲೆಟ್ ತಿರುವಿಹಾಕುವುದನ್ನೂ, ನೆಲದಲ್ಲಿ ಬಿದ್ದ ಹುಲ್ಲುಕಡ್ಡಿ ಎತ್ತುವುದನ್ನೂ ಅವರು ದೇವರ ಪ್ರೀತಿಗಾಗಿಯೇ ಮಾಡುತ್ತಿದ್ದರು. ಮಠದ ನಿಯಮದ ಪ್ರಾರ್ಥನೆಗಳನ್ನು ಅವರು ಬಿಟ್ಟವರಲ್ಲ. ಆದರೆ ಪ್ರಾರ್ಥನೆಯ ಹೊತ್ತು ಮುಗಿದೊಡನೆ ದೇವರನ್ನು ದೇವಾಲಯದಲ್ಲೇ ಬಿಟ್ಟು ಬರಲಿಲ್ಲ.

ಮನಸ್ಸು ಅತ್ತಿತ್ತ ಹರಿದರೆ? ಪ್ರಾರ್ಥನೆಯಲ್ಲಿ ಚಂಚಲಚಿತ್ತರಾಗುತ್ತಿದ್ದ ಒಬ್ಬರಿಗೆ ಅವರು ಕೊಟ್ಟ ಸಲಹೆ ಇಂದಿಗೂ ಉಪಯುಕ್ತ. ಶ್ರೀಮಂತನ ಬಾಗಿಲಲ್ಲಿ ಕುಳಿತ ಮೂಕನೂ ನಡೆಯಲಾರದವನೂ ಆದ ಭಿಕ್ಷುಕನಂತೆ ದೇವರ ಮುಂದೆ ಕುಳಿತಿರಿ. ಮನಸ್ಸು ಓಡಿಹೋದರೆ ಗದರಿಸದೆ ಮೆಲ್ಲನೆ ಮರಳಿ ಕರೆತನ್ನಿ ಎಂದರು. ಯುದ್ಧಭೂಮಿಯಲ್ಲಿದ್ದ ಯುವಕನೊಬ್ಬನ ಬಗ್ಗೆ ಬರೆಯುತ್ತಾ, ಕೈಯಲ್ಲಿ ಕತ್ತಿ ಹಿಡಿದು ನಡೆಯುವಾಗಲೂ ಹೃದಯವನ್ನು ಒಂದು ಕ್ಷಣ ದೇವರೆಡೆಗೆ ಎತ್ತಿದರೆ ಅದೂ ಪ್ರಾರ್ಥನೆಯೇ ಎಂದರು. ತಾವೇ ಸೈನಿಕರಾಗಿದ್ದವರ ಮಾತು ಅದು.

ಸಹೋದರ ಲಾರೆನ್ಸರ ಮಾತುಗಳು ನಮಗೆ ಉಳಿದುಬಂದದ್ದು ಜೋಸೆಫ್ ಡಿ ಬೋಫೋರ್ ಎಂಬ ಗುರುಗಳಿಂದ. 1666ರ ಆಗಸ್ಟ್ 3ರಂದು ಮೊದಲ ಬಾರಿಗೆ ಅವರು ಈ ಸಹೋದರನ ಬಳಿ ಕುಳಿತು ಮಾತನಾಡಿ, ಕೇಳಿದ್ದನ್ನು ಬರೆದಿಟ್ಟುಕೊಂಡರು. ಅಂಥ ನಾಲ್ಕು ಸಂಭಾಷಣೆಗಳೂ ಹದಿನಾರು ಪತ್ರಗಳೂ ಉಳಿದಿವೆ. ಪ್ರಸಿದ್ಧ ಧರ್ಮಾಧ್ಯಕ್ಷರೂ ಲೇಖಕರೂ ಆದ ಫೆನೆಲೋಂ ಅವರು ಸಹ ರೋಗಶಯ್ಯೆಯಲ್ಲಿದ್ದ ಈ ಸಹೋದರನನ್ನು ಕಂಡು, ಸಾವಿನ ಬಗ್ಗೆ ಮಾತನಾಡಿ, ಅವರ ನಗುಮುಖಕ್ಕೆ ಬೆರಗಾದರು. ಸ್ವಭಾವದಲ್ಲಿ ಒರಟು, ದೇವಕೃಪೆಯಿಂದ ಮೃದು ಎಂದು ಅವರನ್ನು ಬಣ್ಣಿಸಿದರು. 1691ರ ಫೆಬ್ರವರಿ 12ರಂದು ಸಹೋದರ ಲಾರೆನ್ಸರು ಪ್ರಭುವಿನಲ್ಲಿ ನಿದ್ರಿಸಿದರು. ಏನು ಮಾಡುತ್ತಿದ್ದೀರಿ ಎಂದು ಮರಣಶಯ್ಯೆಯ ಬಳಿ ಕೇಳಿದವರಿಗೆ, ಮುಂದೆ ಅನಂತಕಾಲವೂ ಮಾಡಲಿರುವುದನ್ನೇ, ಎಂದರೆ ದೇವರನ್ನು ಸ್ತುತಿಸುವುದನ್ನೂ ಪ್ರೀತಿಸುವುದನ್ನೂ, ಈಗಲೂ ಮಾಡುತ್ತಿದ್ದೇನೆಂದು ಅವರು ಉತ್ತರಿಸಿದರು.

ಬೋಫೋರ್ ಅವರು 1692 ಮತ್ತು 1694ರಲ್ಲಿ ಎರಡು ಪುಸ್ತಕಗಳನ್ನು ಹೊರತಂದರು. ಆದರೆ ಆಗ ಫ್ರಾನ್ಸಿನಲ್ಲಿ ಒಂದು ದೊಡ್ಡ ವಿವಾದ ಎದ್ದಿತ್ತು. ಮನುಷ್ಯ ಏನೂ ಮಾಡದೆ ಸುಮ್ಮನಿದ್ದರೆ ಸಾಕು, ಎಲ್ಲವನ್ನೂ ದೇವರೇ ಮಾಡುತ್ತಾನೆಂಬ ಬೋಧನೆಯನ್ನು ಧರ್ಮಸಭೆ ತಿರಸ್ಕರಿಸಿತು. 1699ರಲ್ಲಿ ಫೆನೆಲೋಂ ಅವರ ಕೃತಿಯೊಂದರ ವಾಕ್ಯಗಳನ್ನೂ ರೋಮ್ ಖಂಡಿಸಿತು. ಅವರ ಮೆಚ್ಚುಗೆ ಪಡೆದಿದ್ದ ಅಡುಗೆಯವನ ಪುಸ್ತಕವೂ ಸಂಶಯದ ನೆರಳಿಗೆ ಸರಿದು, ಫ್ರಾನ್ಸಿನ ಕಥೋಲಿಕರಲ್ಲಿ ಬಹುಕಾಲ ಮೂಲೆಗುಂಪಾಯಿತು. ಅದನ್ನು ಕಾಪಾಡಿದವರು ಪ್ರೊಟೆಸ್ಟಂಟ್ ಸಹೋದರರು! ಪಿಯೇರ್ ಪೊಯಿರೆ ಎಂಬುವರು 1710ರಲ್ಲಿ ಮರುಮುದ್ರಿಸಿದರು. ಇಂಗ್ಲೆಂಡಿನ ಜಾನ್ ವೆಸ್ಲಿ ತಮ್ಮ ಗ್ರಂಥಮಾಲೆಯಲ್ಲಿ ಸೇರಿಸಿದರು. 1991ರಲ್ಲಿ ಕಾರ್ಮೆಲ್ ಸಭೆಯ ಕೊನ್ರಾಡ್ ಡಿ ಮೀಸ್ಟರ್ ಎಂಬ ಗುರುಗಳು ಮೂಲಪಾಠವನ್ನು ಪರಿಷ್ಕರಿಸಿ ಪ್ರಕಟಿಸಿದರು. 2025ರ ಡಿಸೆಂಬರಿನಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ತಮ್ಮ ಆಧ್ಯಾತ್ಮಿಕ ಜೀವನಕ್ಕೆ ದಾರಿ ತೋರಿದ ಪುಸ್ತಕವೆಂದು ಇದನ್ನು ಹೆಸರಿಸಿದರು. ಒಲೆಯ ಮುಂದೆ ನಿಂತವನ ಮಾತು ಮುನ್ನೂರು ವರ್ಷ ದಾಟಿ ರೋಮಿಗೆ ತಲುಪಿದ ಬಗೆ ಇದು.

ಆ ಸಂಶಯಕ್ಕೆ ಆಧಾರವಿತ್ತೇ? ಸಹೋದರ ಲಾರೆನ್ಸರ ದಿನಚರಿಯೇ ಉತ್ತರ. ಸುಮ್ಮನೆ ಕೂರಿ ಎಂದು ಅವರು ಯಾರಿಗೂ ಬೋಧಿಸಲಿಲ್ಲ. ಅವರ ಪ್ರಾರ್ಥನೆಯಿಂದ ಯಾರ ಊಟವೂ ತಡವಾಗಲಿಲ್ಲ. ಪ್ರಭುವಿನಲ್ಲಿ ನೆಲೆಸಿದ ಕವಲು ಫಲ ಕೊಡಲೇಬೇಕು. ಆ ಫಲ ಅವರ ಕೈಯಿಂದ ಬೇಯಿಸಿದ ಅನ್ನವಾಗಿ, ಹೊಲಿದ ಪಾದರಕ್ಷೆಯಾಗಿ ಬಂತು.

ಅವರು ದುಡಿದ ಮಠವೂ ಮುಂದೆ ಒಂದು ದೊಡ್ಡ ಸಾಕ್ಷ್ಯವನ್ನು ಕಂಡಿತು. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, 1792ರ ಸೆಪ್ಟೆಂಬರ್ 2ರಂದು, ಅದೇ ಆವರಣದಲ್ಲಿ ಸೆರೆಯಲ್ಲಿದ್ದ ನೂರಕ್ಕೂ ಹೆಚ್ಚು ಧರ್ಮಾಧ್ಯಕ್ಷರು ಮತ್ತು ಗುರುಗಳು ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. ಒಂದೇ ನೆಲದಲ್ಲಿ ಕೆಲವರು ಒಂದು ಮಧ್ಯಾಹ್ನ ರಕ್ತ ಸುರಿಸಿ, ಇನ್ನೊಬ್ಬರು ಐವತ್ತು ವರ್ಷ ಬೆವರು ಸುರಿಸಿ ಪ್ರಭುವಿಗೆ ಸಾಕ್ಷಿಗಳಾದರು. ನಮ್ಮಲ್ಲಿ ಹೆಚ್ಚಿನವರಿಗೆ ಕೇಳಿಬರುವುದು ಎರಡನೆಯ ಕರೆ.

ಸಹೋದರ ಲಾರೆನ್ಸರ ಸಭೆ ನಮ್ಮ ನಾಡಿಗೆ ಹೊಸದಲ್ಲ. 1878ರ ಕೊನೆಯಲ್ಲಿ ಯೇಸುಸಭೆಯ ಗುರುಗಳು ಬಂದಿಳಿಯುವ ಮುನ್ನ ಮಂಗಳೂರಿನ ಕ್ರೈಸ್ತರ ಪಾಲನೆಯನ್ನು ದಶಕಗಳ ಕಾಲ ನೋಡಿಕೊಂಡವರು ಕಾರ್ಮೆಲ್ ಸಭೆಯ ಗುರುಗಳು. ಇಂದಿಗೂ ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗುವವರು ಇದೇ ಕುಟುಂಬದ ಸಹೋದರರನ್ನು ಕಾಣುತ್ತಾರೆ. ಅಲ್ಲಿ ಮೊಂಬತ್ತಿ ಹಚ್ಚಿ ಬೇಡಿಕೊಂಡು ಮನೆಗೆ ಮರಳುವಾಗ, ಬಾಲಯೇಸುವನ್ನು ಪೀಠದ ಮೇಲೆಯೇ ಬಿಟ್ಟು ಬರಬೇಕಾಗಿಲ್ಲ.

ಪ್ರಿಯ ಓದುಗರೇ, ಆರಂಭದಲ್ಲಿ ನಾವು ಕಂಡ ತಾಯಿಯ ಬಳಿಗೆ ಮತ್ತೆ ಹೋಗೋಣ. ಆಕೆಯ ಒಲೆ ಉರಿಯುತ್ತಿದೆ, ಕುಕ್ಕರ್ ಕೂಗುತ್ತಿದೆ, ಮಕ್ಕಳ ಜಗಳ ನಿಂತಿಲ್ಲ. ಇವುಗಳಲ್ಲಿ ಯಾವುದೂ ಬದಲಾಗಬೇಕಿಲ್ಲ. ಸಾರಿಗೆ ಒಗ್ಗರಣೆ ಹಾಕುವ ಮುನ್ನ ಆಕೆ ಒಮ್ಮೆ ‘ಪ್ರಭುವೇ, ಇದು ನಿಮಗಾಗಿ’ ಎನ್ನಲಿ. ಸಿಟ್ಟಿನಲ್ಲಿ ಮಗುವಿಗೆ ಗದರಿಸಿಬಿಟ್ಟರೆ ‘ಕ್ಷಮಿಸಿ’ ಎಂದು ಮತ್ತೆ ಸೌಟು ಹಿಡಿಯಲಿ. ಆಕೆಯ ಪತಿ ಅಂಗಡಿಯ ಬಾಗಿಲು ತೆರೆಯುವಾಗ, ಬಸ್ಸಿಗೆ ಕಾಯುವಾಗ ಅದೇ ಮಾತನ್ನು ಹೇಳಲಿ. ಮೊದಲ ದಿನ ನೂರು ಬಾರಿ ಮರೆತುಹೋಗುತ್ತದೆ. ನೆನಪಾದ ಕೂಡಲೇ, ಬೇಸರಿಸದೆ, ಮರಳಿ ಬರಬೇಕು. ನಾವು ಮರೆತ ಹೊತ್ತಿನಲ್ಲೂ ಬಳ್ಳಿಯು ಕವಲನ್ನು ಹಿಡಿದುಕೊಂಡೇ ಇರುತ್ತದೆ.

ಇಂದು ರಾತ್ರಿ ಜಪಸರ ಪ್ರಾರ್ಥನೆ ಮುಗಿಸಿ, ಊಟದ ತಟ್ಟೆಗಳನ್ನು ತೊಳೆಯಲು ಏಳುವಾಗ, ಒಬ್ಬಂಟಿಯಾಗಿ ಏಳಬೇಡಿ.