ಸಿಕ್ಕ ಕಾಲು, ತಿರುಗಿದ ಮುಖ: ಹಾಫ್ ಗಾರ್ಡ್‌ನಲ್ಲಿ ಮೇಲಿನವನ ಹತೋಟಿ

ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಕೆಳಗೆ ಮಲಗಿದವನು ಎದುರಾಳಿಯ ಒಂದು ಕಾಲನ್ನು ತನ್ನೆರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡ ಭಂಗಿಗೆ ಹಾಫ್ ಗಾರ್ಡ್ ಎನ್ನುತ್ತಾರೆ. ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಬಿಜೆಜೆಎಫ್‌ನ ನಿಯಮದಂತೆ ಗಾರ್ಡ್, ಅಂದರೆ ಕೆಳಗಿನವನ ಕಾಲುಗಳ ತಡೆ, ದಾಟಿ 3 ಸೆಕೆಂಡು ಹಿಡಿತ ಉಳಿಸಿಕೊಂಡವನಿಗೆ 3 ಅಂಕ. ಹಾಫ್ ಗಾರ್ಡ್‌ನಲ್ಲಿ ಮೇಲಿದ್ದ ಮಾತ್ರಕ್ಕೆ ಅಂಕವಿಲ್ಲ. ಆದ್ದರಿಂದ ಮೇಲಿನವನಿಗೆ ಕಾಲು ಬಿಡಿಸಿಕೊಳ್ಳುವ ಆತುರ ಸಹಜ. ಆದರೆ ಇಲ್ಲಿನ ನಿರ್ಣಾಯಕ ಹೋರಾಟ ನಡೆಯುವುದು ಕಾಲಿನಲ್ಲಲ್ಲ, ತಲೆ ಮತ್ತು ಕಂಕುಳಲ್ಲಿ ಎಂಬುದು ಈ ಲೇಖನದ ವಾದ.

ಗಾರ್ಡ್ ಕಳೆದುಕೊಳ್ಳುತ್ತಿರುವವನ ಕೊನೆಯ ತಡೆ ಎಂದೇ ಈ ಭಂಗಿಯನ್ನು ಬಹುಕಾಲ ಎಣಿಸಲಾಗಿತ್ತು. 1990ರ ದಶಕದಲ್ಲಿ ರೊಬರ್ಟೊ ‘ಗೊರ್ಡೊ’ ಕೊರೆಯಾ ಮಂಡಿಯ ಗಾಯದ ನಡುವೆಯೂ ಇದರಲ್ಲೇ ಪಳಗಿ, ಕೆಳಗಿನಿಂದ ಎದುರಾಳಿಯನ್ನು ಉರುಳಿಸುವ ಪಟ್ಟುಗಳನ್ನು ಬೆಳೆಸಿದರು. ಅಲ್ಲಿಂದ ಮುಂದೆ ಮೇಲಿನವನ ಆಟವೂ ಬದಲಾಗಲೇಬೇಕಾಯಿತು.

ಮೇಲಿನವನ ಬಲಗಾಲು ಸಿಕ್ಕಿದೆ ಎನ್ನೋಣ. ಕೆಳಗಿನವನು ತನ್ನ ಬಲಮಗ್ಗುಲಿಗೆ ಹೊರಳಿ, ಎಡಗೈಯನ್ನು ಮೇಲಿನವನ ಬಲಗಂಕುಳಡಿ ತೂರಿಸಿದರೆ ಬೆನ್ನು ಹತ್ತುವ ದಾರಿ ಅವನಿಗೆ ತೆರೆಯುತ್ತದೆ. ಇದೇ ಅಂಡರ್‌ಹುಕ್. ಅದನ್ನು ತಡೆಯಲು ಮೇಲಿನವನೇ ಮೊದಲು ಬಲಗೈಯನ್ನು ಅವನ ಎಡಗಂಕುಳಡಿ ಸೇರಿಸಬೇಕು. ಎಡಗೈ ಅವನ ಕತ್ತಿನಡಿ ಹೋಗಿ, ಭುಜದ ಭಾರ ದವಡೆಯ ಮೇಲೆ ಕೂರಬೇಕು. ಈ ಕ್ರಾಸ್‌ಫೇಸ್‌ಗೆ ಮುಖ ಆಚೆ ತಿರುಗುತ್ತದೆ. ಮುಖ ತಿರುಗಿದ ಕಡೆಗೇ ಬೆನ್ನುಹುರಿ ತಿರುಚಿಕೊಳ್ಳುವುದರಿಂದ ಮಗ್ಗುಲು ಬದಲಿಸುವುದು ಕಷ್ಟವಾಗಿ, ಬೆನ್ನು ನೆಲಕ್ಕೆ ಅಂಟುತ್ತದೆ.

ದಾಳಿ ಹುಟ್ಟುವುದು ಈ ಹತೋಟಿಯಿಂದಲೇ. ಸಿಕ್ಕ ಕಾಲಿನ ಮಂಡಿಯನ್ನು ಕೆಳಗಿನವನ ತೊಡೆಯ ಮೇಲಿಂದ ಜಾರಿಸಿದರೆ ಸಿಕ್ಕಿರುವುದು ಪಾದವಷ್ಟೇ. ಗಾರ್ಡ್ ಬಹುಪಾಲು ದಾಟಿದಂತೆ. ಅವನು ಎಡಗೈಯಿಂದ ಸೊಂಟ ತಳ್ಳಿದರೆ ಮಣಿಕಟ್ಟು ಹಿಡಿದು, ಭುಜ ತಿರುಚುವ ಕಿಮುರಾ ಪಟ್ಟು ಹಾಕಬಹುದು. 1951ರಲ್ಲಿ ರಿಯೋದ ಮರಕಾನಾದಲ್ಲಿ ಹೆಲಿಯೊ ಗ್ರೇಸಿಯನ್ನು ಈ ಪಟ್ಟಿನಿಂದ ಮಣಿಸಿದ ಮಸಾಹಿಕೊ ಕಿಮುರಾ ಅವರ ಹೆಸರೇ ಇದಕ್ಕೆ ಉಳಿದಿದೆ. ಅಂಡರ್‌ಹುಕ್ ಅವನ ಪಾಲಾದರೂ ಅವನ ಎಡಗಂಕುಳ ಮೂಲಕ ಕೈ ತೂರಿಸಿ ಕುತ್ತಿಗೆ ಬಿಗಿಯುವ ಡಾರ್ಸ್ ಚೋಕ್ ಸಾಧ್ಯ. ಹೀಗೆ ಒಂದು ಅಪಾಯದಿಂದ ಪಾರಾಗುವ ಅವನ ಚಲನೆಯೇ ಇನ್ನೊಂದಕ್ಕೆ ಬಾಗಿಲಾಗುತ್ತದೆ.

ಜೂಡೊದಲ್ಲಿ ಕಾಲು ಸಿಕ್ಕಿರುವಷ್ಟು ಹೊತ್ತು ನೆಲಹಿಡಿತದ ಎಣಿಕೆ ನಡೆಯುವುದಿಲ್ಲ. ಜಿಯು-ಜಿತ್ಸುವಿನಲ್ಲೂ ಅದಕ್ಕೆ ಅಂಕವಿಲ್ಲ. ಆದರೂ ಅಂಕಪಟ್ಟಿಯಲ್ಲಿ ಕಾಣದ ಈ ಹತೋಟಿಯೇ ಅಂಕಕ್ಕೂ ಶರಣಾಗತಿಗೂ ಬುನಾದಿ. ಹಾಫ್ ಗಾರ್ಡ್ ಕಲಿಸುವವರು ಕಾಲು ಬಿಡಿಸುವುದಕ್ಕೆ ಮೊದಲು ಮುಖ ತಿರುಗಿಸುವುದನ್ನು ಕಲಿಸಬೇಕು.