ಮಾಯಕ್ಕೆ ಸಂದವರು

ಕಣ್ಣಿಗೆ ಕಾಣದ ಲೋಕವೊಂದುಂಟು ಎಂದು ನಂಬದ ಜನಾಂಗ ಬಹುಶಃ ಭೂಮಿಯ ಮೇಲೆ ಇಲ್ಲ. ಆದರೆ ಆ ಲೋಕ ಎಲ್ಲಿದೆ, ಅಲ್ಲಿಗೆ ಸಲ್ಲುವವರು ಯಾರು ಎಂಬ ಪ್ರಶ್ನೆಗೆ ಸೀಮೆಗೊಂದು ಉತ್ತರ. ನಮ್ಮ ಹಾಸನ ಜಿಲ್ಲೆಯಲ್ಲಿಯೇ ಎರಡು ಉತ್ತರಗಳಿವೆ. ಒಂದು ಬಯಲಿನ ಕಲ್ಲುಗಳ ಮೇಲೆ ಕೆತ್ತಿದ್ದು. ಇನ್ನೊಂದು ತುಳುನಾಡಿನಿಂದ ಕೂಲಿಕಾರರೊಡನೆ ಘಟ್ಟ ಹತ್ತಿ ಬಂದದ್ದು. ಸಕಲೇಶಪುರ, ಆಲೂರು ಮಲೆಗಳ ಬೆಳಗೋಡು ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಮೊದಲನೆಯದು ವೃತ್ತಿಯ ವಿಷಯವಾಯಿತು. ಎರಡನೆಯದನ್ನು ಹುಡುಗನಾಗಿದ್ದಾಗ ಕಂಡು, ಮೇಷ್ಟರಾದ ಮೇಲೆ ಮರೆತೆ.

ಮೊದಲನೆಯದು ನಿಮಗೆಲ್ಲ ಪರಿಚಿತವೇ. ನಮ್ಮ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗೆ ಕಾಳಗ; ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ದೃಶ್ಯ; ಮೇಲೆ ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರ. ಕಾಣದ ಲೋಕ ಮೇಲಿದೆ. ಅಲ್ಲಿಗೆ ಏರಿದವನು ಸುಖಿ. ಅವನು ಹಿಂದಿರುಗಿ ಬಂದು ಯಾರನ್ನೂ ಏನನ್ನೂ ಕೇಳುವುದಿಲ್ಲ.

ಘಟ್ಟದ ಕೆಳಗೆ ಹಾಗಲ್ಲ. ತುಳುವಿನ ಹಾಡುಗತೆಗಳಾದ ಪಾಡ್ದನಗಳಲ್ಲಿ ದೈವವಾಗುವವರು ‘ಮಾಯ’ವಾಗುತ್ತಾರೆ. ನಾವು ‘ದುಡ್ಡು ಮಾಯವಾಯಿತು’ ಎನ್ನುವಾಗ ಬಳಸುವ ಮಾತೇ ಇದು. ಅಲ್ಲಿ ಮಾತ್ರ ಅದಕ್ಕೆ ಒಂದು ಲೋಕದ ಅರ್ಥವಿದೆ. ಮೈದಳೆದು ಬಾಳುವ ಸ್ಥಿತಿ ಜೋಗ. ಮೈಯಳಿದು ಇರುವ ಸ್ಥಿತಿ ಮಾಯ. ವೇದಾಂತದ ಮಾಯೆಯನ್ನು ಇಲ್ಲಿಗೆ ಎಳೆತಂದು ತೊಡಕು ಮಾಡಿಕೊಳ್ಳಬೇಕಾಗಿಲ್ಲ. ಮಾಯವಿರುವುದು ಆಕಾಶದಲ್ಲಲ್ಲ. ಇದೇ ಗದ್ದೆ, ಇದೇ ಬನ, ಇದೇ ಅರಮನೆಯ ಅಂಗಳದಲ್ಲಿ ಅದೂ ಇದೆ. ಅಲ್ಲಿಗೆ ಹೋದವರು ಊರು ಬಿಟ್ಟಿರುವುದಿಲ್ಲ. ಕೋಲದ ದಿನ ಪಾತ್ರಿಯ ಮೈಮೇಲೆ ಬಂದು ಮಾತನಾಡುತ್ತಾರೆ, ವ್ಯಾಜ್ಯ ತೀರಿಸುತ್ತಾರೆ, ತಮ್ಮ ಪಾಲನ್ನೂ ಕೇಳುತ್ತಾರೆ.

ಕಲ್ಕುಡನ ಕತೆಯನ್ನೇ ನೋಡಿ. ಶಂಭು ಕಲ್ಕುಡನೆಂಬ ಶಿಲ್ಪಿ ಬೆಳಗೊಳಕ್ಕೆ, ಎಂದರೆ ನಮ್ಮ ಜಿಲ್ಲೆಗೇ, ಕೆಲಸಕ್ಕೆ ಬರುತ್ತಾನೆ. ಊರಿನಲ್ಲಿ ಹುಟ್ಟಿದ ಮಗ ಬೀರ ಬೆಳೆದು ತಂದೆಯನ್ನು ಹುಡುಕಿಕೊಂಡು ಬಂದು, ಅವನ ಕೆಲಸದಲ್ಲಿ ಒಂದು ಲೋಪವನ್ನು ತೋರಿಸುತ್ತಾನೆ. ಅವಮಾನ ತಾಳಲಾರದೆ ತಂದೆ ಪ್ರಾಣ ಬಿಡುತ್ತಾನೆ. ಮಗನು ಮುಂದೆ ಕಾರ್ಕಳದ ಅರಸನಿಗೆ ಗೊಮ್ಮಟನನ್ನು ಕಡೆದು ಕೊಡುತ್ತಾನೆ. ಇಂಥದ್ದನ್ನು ಇವನು ಇನ್ನೊಬ್ಬರಿಗೆ ಮಾಡಿಕೊಡಬಾರದೆಂದು ಅರಸ ಅವನ ಎಡಗೈ, ಬಲಗಾಲುಗಳನ್ನು ಕಡಿಸುತ್ತಾನೆ. ಉಳಿದ ಕೈಯಿಂದ ಅವನು ವೇಣೂರಿನಲ್ಲಿ ಮತ್ತೊಂದು ಗೊಮ್ಮಟನನ್ನು ಎತ್ತಿ ನಿಲ್ಲಿಸುತ್ತಾನೆ. ಅಣ್ಣನನ್ನು ಅರಸುತ್ತ ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿಯನ್ನು ಕಾಣುತ್ತಾಳೆ. ಇಬ್ಬರೂ ಮಾಯವಾಗುತ್ತಾರೆ. ಆ ಮೇಲೆ ಕಾರ್ಕಳದ ಅರಸನಿಗೆ ನೆಮ್ಮದಿಯಿಲ್ಲ.

ಇದನ್ನು ಇಂಗ್ಲಿಷಿಗೆ ಇಳಿಸಿಟ್ಟವರಲ್ಲಿ ಮೊದಲಿಗನು ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್. 1882ರಲ್ಲಿ ಆತ ತೀರಿಕೊಂಡ ಬಳಿಕ, 1894ರಿಂದ ಅವನ ಸಂಗ್ರಹ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ತುಳುವರ ‘ದೆವ್ವಪೂಜೆ’ ಎಂಬ ತಲೆಬರಹ ಅದಕ್ಕೆ. ಹಗಲೆಲ್ಲ ಫಿರ್ಯಾದುಗಳನ್ನು ಕೇಳುತ್ತಿದ್ದ ಮನುಷ್ಯ, ಈ ಕತೆಗಳೂ ಫಿರ್ಯಾದುಗಳೇ ಎಂಬುದನ್ನು ಗಮನಿಸಿದ್ದನೋ ಇಲ್ಲವೋ.

ನಾನಂತೂ ಗಮನಿಸಲಿಲ್ಲ. ಬಹಳ ವರ್ಷಗಳ ಹಿಂದೆ ನನ್ನ ಎಂ.ಎ. ವಿದ್ಯಾರ್ಥಿಯೊಬ್ಬ ಕಾರ್ಕಳದ ಮೇಲಿನ ಪ್ರಬಂಧದಲ್ಲಿ ಈ ಪಾಡ್ದನವನ್ನು ಆಧಾರವಾಗಿ ಕೊಟ್ಟಿದ್ದ. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ ಲೆಕ್ಕ ಬರೆದೆ: ಬೆಳಗೊಳದ ಮೂರ್ತಿ ಸುಮಾರು 981, ಕಾರ್ಕಳದ್ದು 1432, ವೇಣೂರಿನದು 1604, ಆರು ಶತಮಾನಗಳ ಕೆಲಸವನ್ನು ಎರಡು ತಲೆಮಾರಿನವರು ಮಾಡಿದರೇ? ಆ ಪುಟವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ಹುಡುಗ ವಾದಿಸಲಿಲ್ಲ. ‘ಸರ್, ಕೆತ್ತಿದವರ ಹೆಸರು ಶಾಸನದಲ್ಲಿ ಇದೆಯಾ?’ ಎಂದು ಮಾತ್ರ ಕೇಳಿದ. ಕಾರ್ಕಳದ ಶಾಸನದಲ್ಲಿ ಮೂರ್ತಿಯನ್ನು ಮಾಡಿಸಿದ ವೀರಪಾಂಡ್ಯನ ಹೆಸರಿದೆ, ಪ್ರೇರಣೆ ನೀಡಿದ ಗುರು ಲಲಿತಕೀರ್ತಿಯ ಹೆಸರಿದೆ. ಕೆತ್ತಿದವನದು ಇಲ್ಲ. ‘ಅದು ಬೇರೆ ಪ್ರಶ್ನೆ’ ಎಂದು ಅಂದು ಗದರಿಸಿದ್ದೆ.

ಅದೇ ಪ್ರಶ್ನೆಯೆಂದು ಹೊಳೆದದ್ದು ನಿವೃತ್ತನಾದ ಮೇಲೆ, ಬೇಲೂರಿನಲ್ಲಿ ಮದನಿಕೆಯರನ್ನು ತಲೆಯೆತ್ತಿ ನೋಡುತ್ತ ನಿಂತಿದ್ದಾಗ. 1117ರ ಆ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬೇಲೂರಿಗೂ ತಂದೆ ಮಗನ ಕತೆಯೊಂದು ಅಂಟಿಕೊಂಡಿದೆ ಸರಿಯಷ್ಟೆ: ಮಗ ಲೋಪ ತೋರಿಸಿದ, ಜಕಣಾಚಾರಿ ತನ್ನ ಕೈಯನ್ನು ತಾನೇ ಕಡಿದುಕೊಂಡ, ಕೈದಾಳದಲ್ಲಿ ಚೆನ್ನಕೇಶವನ ಕೃಪೆಯಿಂದ ಕೈ ಮರಳಿ ಬಂತು. ಎರಡೂ ಕತೆಗಳ ಬೇರು ಒಂದೇ ಇರಬಹುದು. ಆದರೆ ಘಟ್ಟದ ಮೇಲೆ ಕಲಾವಿದ ಕೈ ಕಳೆದುಕೊಂಡದ್ದು ತನ್ನ ಅಹಂಕಾರದಿಂದ. ದೇವರು ಕೊಟ್ಟ, ಕತೆ ಮುಗಿಯಿತು. ಘಟ್ಟದ ಕೆಳಗೆ ಕೈ ಕಡಿಸಿದವನು ಅರಸ. ಅದನ್ನು ಯಾವ ದೇವರೂ ಮರಳಿ ಕೊಡಲಿಲ್ಲ. ಅದಕ್ಕೇ ಆ ಅಣ್ಣ ತಂಗಿ ಇನ್ನೂ ಹೋಗಿಲ್ಲ. ಕಲ್ಲಿನಲ್ಲಿ ಹೆಸರು ಸಿಕ್ಕದವರಿಗೆ ಉಳಿದಿದ್ದ ದಫ್ತರ ಮಾಯವೊಂದೇ ಎಂದು ನನಗೆ ಈಗ ಅನ್ನಿಸುತ್ತದೆ. ಕೈ ಕಡಿದದ್ದು ನಡೆದಿತ್ತೆಂದು ನಾನು ಹೇಳುತ್ತಿಲ್ಲ. ನಡೆದಿರಬಹುದೆಂದು ಇಷ್ಟು ಜನ ಇಷ್ಟು ಕಾಲ ನಂಬಿದ್ದು ಚರಿತ್ರೆಯೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದಿನ ಮಲೆಗಳಲ್ಲಿ ಕಾಫಿ ತೋಟಗಳೆದ್ದವು. ಅಂದಿನಿಂದ ಘಟ್ಟದ ಕೆಳಗಿನ ಕೂಲಿಕಾರರು ಮೇಲೆ ಬಂದರು. ಪಂಜುರ್ಲಿ, ಗುಳಿಗ, ಕಲ್ಕುಡರೂ ಬಂದರು. ಮರದ ಬುಡಕ್ಕೆ ಒಂದು ಕಲ್ಲು, ಅದರ ಮುಂದೆ ಒಂದು ದೀಪ, ವರ್ಷಕ್ಕೊಂದು ಕೋಳಿ. ನಮ್ಮೂರ ಬಳಿಯ ತೋಟವೊಂದರ ಅಂಚಿನಲ್ಲಿ ಅಂಥ ಎರಡು ಕಲ್ಲುಗಳನ್ನು ಹುಡುಗನಾಗಿದ್ದಾಗ ದೂರದಿಂದ ನೋಡುತ್ತಿದ್ದೆ. ಹತ್ತಿರ ಹೋದರೆ ಅಜ್ಜಿ ಬೈಯುತ್ತಿದ್ದರು. ಈಗ ತೋಟಗಳಿಗೆ ಅಸ್ಸಾಮಿನಿಂದಲೂ ಕೆಲಸಗಾರರು ಬರುತ್ತಿದ್ದಾರೆ. ಹಳೆಯ ಲೈನಿನಲ್ಲಿ ತುಳು ಮಾತು ಕೇಳುವುದು ಅಪರೂಪ. ಕಳೆದ ಸುಗ್ಗಿಯ ಹೊತ್ತಿಗೆ ಅಲ್ಲಿಗೆ ಹೋದಾಗ ಒಬ್ಬ ಮುದುಕಿ ತರಗೆಲೆ ಗುಡಿಸುತ್ತಿದ್ದರು.

‘ಯಾವ ದೈವದ ಕಲ್ಲಮ್ಮಾ ಇದು?’ ಎಂದೆ.

‘ಅಣ್ಣ ತಂಗೀದು ಸ್ವಾಮಿ. ಕಾರ್ಕಳದೋರು.’

ಕಾರ್ಕಳ ನೋಡಿದ್ದೀರಾ ಎಂದು ಕೇಳಿದೆ. ಇಲ್ಲವೆಂದರು. ಹುಟ್ಟಿದ್ದು ಇದೇ ಲೈನಿನಲ್ಲಂತೆ. ಪೊರಕೆಯನ್ನು ಕೆಳಗಿಟ್ಟು, ಅಣ್ಣನಿಗೆ ಯಾವ ಕೈ, ಯಾವ ಕಾಲು ಎಂಬುದನ್ನು ತಮ್ಮ ಮೈಮೇಲೆಯೇ ಮುಟ್ಟಿ ತೋರಿಸಿದರು.