ಚಲನೆಯ ಜಾಡು ಹಿಡಿಯುವ ಜೋಡಿ ಸಂವೇದಕಗಳು

ಎರಡೇ ಚಕ್ರಗಳ ಮೇಲೆ ತಾನಾಗಿ ನಿಲ್ಲುವ ಪುಟ್ಟ ರೋಬೋ ಹವ್ಯಾಸಿ ಇಲೆಕ್ಟ್ರಾನಿಕ್ಸ್ ಆಸಕ್ತರಿಗೆ ಅಚ್ಚುಮೆಚ್ಚು. ಅದು ಬೀಳದೆ ನಿಲ್ಲಬೇಕಾದರೆ ತಾನು ಯಾವ ಕಡೆಗೆ, ಎಷ್ಟು ವಾಲಿದ್ದೇನೆ ಎಂಬುದನ್ನು ಕ್ಷಣಕ್ಷಣಕ್ಕೂ ಅರಿಯುತ್ತಿರಬೇಕು. ಈ ಕಾರ್ಯಕ್ಕೆ ಬಳಕೆಯಾಗುವುದು ಅಕ್ಸೆಲೆರೋಮೀಟರ್ ಮತ್ತು ಗೈರೋಸ್ಕೋಪ್. ಇವುಗಳಲ್ಲಿ ಒಂದನ್ನೇ ನೆಚ್ಚಿಕೊಂಡ ರೋಬೋ ಬಹುಬೇಗ ನೆಲಕಚ್ಚುತ್ತದೆ.

ಅಕ್ಸೆಲೆರೋಮೀಟರ್ ಅಳೆಯುವುದು ವೇಗೋತ್ಕರ್ಷವನ್ನು. ಸಿಲಿಕಾನ್ ಚಿಪ್‌ನೊಳಗೆ ಸೂಕ್ಷ್ಮ ಸ್ಪ್ರಿಂಗ್‌ಗಳ ಆಧಾರದಲ್ಲಿ ತೂಗುವ ಪುಟ್ಟ ತುಣುಕೊಂದು ಅತ್ತಿತ್ತ ಸರಿದಾಗ ಪಕ್ಕದ ಫಲಕಗಳ ವಿದ್ಯುತ್ ಧಾರಕತೆ ಬದಲಾಗುತ್ತದೆ. ಆ ಬದಲಾವಣೆಯೇ ಅಳತೆ. 1990ರ ದಶಕದಲ್ಲಿ ಕಾರುಗಳ ಏರ್‌ಬ್ಯಾಗ್‌ಗಳಿಗೆಂದು ಅನಲಾಗ್ ಡಿವೈಸಸ್ ಸಂಸ್ಥೆ ಹೊರತಂದ ಎಡಿಎಕ್ಸ್‌ಎಲ್50 ಈ ಬಗೆಯ ಆರಂಭಿಕ ಚಿಪ್‌ಗಳಲ್ಲೊಂದು. ಹೊಸಬರನ್ನು ಗೊಂದಲಕ್ಕೀಡುಮಾಡುವ ಸಂಗತಿಯೆಂದರೆ, ಮೇಜಿನ ಮೇಲೆ ಅಲುಗದೆ ಕುಳಿತ ಸಂವೇದಕವೂ 1 ಜಿ ತೋರಿಸುತ್ತದೆ. ಮೇಲಿನಿಂದ ಮುಕ್ತವಾಗಿ ಬೀಳುತ್ತಿರುವಾಗ ಮಾತ್ರ ಅದರ ಅಳತೆ ಸೊನ್ನೆಯ ಸಮೀಪಕ್ಕೆ ಬರುತ್ತದೆ. ಗುರುತ್ವದ ದಿಕ್ಕು ಹೀಗೆ ಸದಾ ಕಾಣುವುದರಿಂದಲೇ ವಾಲಿದ ಕೋನವನ್ನು ಲೆಕ್ಕಹಾಕಲು ಸಾಧ್ಯ. ಆದರೆ ಮೋಟಾರಿನ ಕಂಪನ, ಚಕ್ರದ ಹಠಾತ್ ಎಳೆತಗಳೂ ಅದೇ ಅಳತೆಯೊಳಗೆ ಬೆರೆತು ಕೋನವು ಹುಚ್ಚೆದ್ದು ಕುಣಿಯುತ್ತದೆ.

ಗೈರೋಸ್ಕೋಪ್ ಎಂಬ ಹೆಸರನ್ನಿತ್ತವರು ಫ್ರಾನ್ಸಿನ ವಿಜ್ಞಾನಿ ಲಿಯಾನ್ ಫುಕೊ, 1852ರಲ್ಲಿ. ಅವರದು ತಿರುಗುವ ಚಕ್ರ. ಇಂದಿನ ಚಿಪ್‌ನಲ್ಲಿ ಚಕ್ರವಿಲ್ಲ. ಕಂಪಿಸುತ್ತಿರುವ ಸೂಕ್ಷ್ಮ ತುಣುಕು ತಿರುಗಿದಾಗ ಕೊರಿಯೊಲಿಸ್ ಬಲದಿಂದ ಪಕ್ಕಕ್ಕೆ ಸರಿಯುತ್ತದೆ. ದೊರೆಯುವ ಅಳತೆ ಸೆಕೆಂಡಿಗೆ ಇಷ್ಟು ಡಿಗ್ರಿ ಎಂಬ ಕೋನೀಯ ವೇಗ. ಅದನ್ನು ಕಾಲದೊಡನೆ ಗುಣಿಸಿ ಕೂಡುತ್ತ ಹೋದರೆ ಕೋನ ಸಿಗುತ್ತದೆ. ಕಂಪನಕ್ಕೆ ಇದು ಅಷ್ಟಾಗಿ ಬೆದರದು. ಆದರೆ ಸೆಕೆಂಡಿಗೆ ಕೇವಲ ಅರ್ಧ ಡಿಗ್ರಿಯ ತಪ್ಪಿದ್ದರೂ ಒಂದು ನಿಮಿಷದಲ್ಲಿ ಅದು 30 ಡಿಗ್ರಿಗೆ ಬೆಳೆದಿರುತ್ತದೆ!

ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲದು. ಹಳೆಯ ಕೋನಕ್ಕೆ ಗೈರೋಸ್ಕೋಪ್ ತಿಳಿಸಿದ ಬದಲಾವಣೆಯನ್ನು ಕೂಡಿಸಿ, ಅದರ ಶೇ. 98 ಭಾಗಕ್ಕೆ ಅಕ್ಸೆಲೆರೋಮೀಟರ್ ಕೋನದ ಶೇ. 2 ಭಾಗವನ್ನು ಸೇರಿಸುವುದು ಸರಳ ಉಪಾಯ. ಕಾಂಪ್ಲಿಮೆಂಟರಿ ಫಿಲ್ಟರ್ ಎಂದು ಇದಕ್ಕೆ ಹೆಸರು. ಈ ಪ್ರಮಾಣವೇನೂ ಶಾಸನವಲ್ಲ, ಪ್ರಯೋಗದಿಂದ ಹೊಂದಿಸಿಕೊಳ್ಳತಕ್ಕದ್ದು. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಫಿಲ್ಟರ್ ಹೆಚ್ಚು ಸಮರ್ಥವಾದರೂ ಮೊದಲ ರೋಬೋಗೆ ಅಷ್ಟು ಗಣಿತದ ಹೊರೆ ಅನಗತ್ಯ.

ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಂಪಿಯು-6050 ಚಿಪ್‌ನಲ್ಲಿ ಎರಡೂ ಸಂವೇದಕಗಳು ಒಂದೆಡೆ ಇವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಇದರ ಪುಟ್ಟ ಬೋರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವಿದ್ಯುತ್ ಕೊಟ್ಟೊಡನೆ ಈ ಚಿಪ್ ನಿದ್ರಾಸ್ಥಿತಿಯಲ್ಲಿರುತ್ತದೆ. ಪ್ರೋಗ್ರಾಂನಿಂದ ಎಬ್ಬಿಸದಿದ್ದರೆ ಬರೀ ಸೊನ್ನೆಗಳೇ ಬರುತ್ತವೆ. ಬೋರ್ಡೇ ಕೆಟ್ಟಿದೆಯೆಂದು ಎಸೆಯುವ ಮುನ್ನ ಇದನ್ನು ಪರೀಕ್ಷಿಸುವುದು ಒಳಿತು. 2 ಜಿ ವ್ಯಾಪ್ತಿಯಲ್ಲಿ 1 ಜಿ ಎಂದರೆ 16384 ಎಂಬ ಸಂಖ್ಯೆ. ಸೆಕೆಂಡಿಗೆ 250 ಡಿಗ್ರಿ ವ್ಯಾಪ್ತಿಯಲ್ಲಿ ಒಂದು ಡಿಗ್ರಿಗೆ 131. ಆರಂಭದಲ್ಲಿ ಬೋರ್ಡನ್ನು ಅಲುಗಿಸದೆ ಇಟ್ಟು, ಗೈರೋಸ್ಕೋಪ್‌ನ ಕೆಲವು ನೂರು ಅಳತೆಗಳ ಸರಾಸರಿ ತೆಗೆದು ಮುಂದಿನ ಎಲ್ಲ ಅಳತೆಗಳಿಂದ ಕಳೆದರೆ ತಪ್ಪು ಬಹುಮಟ್ಟಿಗೆ ತಗ್ಗುತ್ತದೆ. ಚಿಪ್ ಬಿಸಿಯಾದಂತೆ ಅದು ಮತ್ತೆ ಬದಲಾಗುವುದುಂಟು.

ಆದರೂ ಈ ಜೋಡಿಗೆ ನಿಲುಕದ ಸಂಗತಿಗಳಿವೆ. ಸಮತಲದಲ್ಲಿ ಬುಗುರಿಯಂತೆ ತಿರುಗಿದಾಗ ಗುರುತ್ವದ ದಿಕ್ಕು ಬದಲಾಗದ ಕಾರಣ ಅಕ್ಸೆಲೆರೋಮೀಟರ್ ನೆರವಾಗದು. ಅಲ್ಲಿ ಕಾಂತಮಾಪಕ ಬೇಕು. ಸಾಗಿದ ದೂರವನ್ನು ಲೆಕ್ಕಹಾಕುವ ಆಸೆಯಂತೂ ಇನ್ನೂ ದುಬಾರಿ. ವೇಗೋತ್ಕರ್ಷದಲ್ಲಿ ಒಂದು ಜಿ-ಯ ನೂರನೇ ಒಂದು ಭಾಗದಷ್ಟು ತಪ್ಪಿದ್ದರೆ ಹತ್ತು ಸೆಕೆಂಡಿನಲ್ಲಿ ಸುಮಾರು 5 ಮೀಟರ್, ಒಂದು ನಿಮಿಷದಲ್ಲಿ ಸುಮಾರು 176 ಮೀಟರ್ ದಾರಿ ತಪ್ಪುತ್ತದೆ. ಡ್ರೋನ್‌ಗಳಲ್ಲಿ ಇವುಗಳೊಡನೆ ವಾಯುಭಾರಮಾಪಕ ಮತ್ತು ಜಿಪಿಎಸ್‌ಗಳನ್ನೂ ಅಳವಡಿಸುವುದು ಇದೇ ಕಾರಣಕ್ಕೆ.